ತಿರುಪಿನ ಫೋನಿಗೆ ಖಂಡೇಪೂಜೆ

"ಇನ್ನ ಮುಂದ ಈ ಮನ್ಯಾಗ ಪಾಪದ ಫೋನು ಕಾಲಿಡೂ ಹಂಗಿಲ್ಲ!"

ಇಂಡಿ ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಪಂಢರಿನಾಥ ಮಾಸ್ತರರು ಹೀಗೆಂದು ಘೋಷಿಸಿದಾಗ ಅವರ ಹೆಂಡತಿ ನಲಿನಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಮಾಸ್ತರರ ಘೋಷಣೆಗೆಲ್ಲ ತಲೆ ಎತ್ತುತ್ತ ಹೋದರೆ ಆ ಮನೆಯಲ್ಲಿ ಖಾರಪುಡಿಯೇ ಆಗುತ್ತಿರಲಿಲ್ಲ.

"ಫೋನು ಏನ್ ಪಾಪ ಮಾಡೈತ್ರೀ?"

"ಅದರಾಗಿನ ಲೋಹ ಎಲ್ಲಿಂದ ಬರ್ತೈತಿ ಗೊತ್ತೈತೇನು? ಸಾಲಿಗೆ ಹೋಗೂ ವಯಸ್ಸಿನ ಹುಡುಗ್ರು ಗಣಿಯಾಗ ಮಣ್ಣು ಹೊರ್ತಾವ! ಮ್ಯಾಲ ಅಂಟು ಬಡದು ಮುಚ್ಚಿಬಿಡ್ತಾರ. ಬ್ಯಾಟರಿ ಸತ್ತರ ಫೋನ್ ಸತ್ತಂಗ, ಕಸಕ್ಕ ಒಗೀಬೇಕು. ನಾ ತರಸೂ ಫೋನು ಹಂಗಲ್ಲ. ತಿರುಪು ಬಿಚ್ಚು, ಬ್ಯಾಟರಿ ಬದಲಸು, ತಿರುಪು ಹಾಕು! ಮಾಡಿದವರಿಗೆ ನ್ಯಾಯದ ಪಗಾರ. ಕೆಲಸದ ತಾಸು ಸೈತ ಅವರನ್ನ ಕೇಳೇ ಗೊತ್ತು ಮಾಡ್ತಾರಂತ!"

"ಅದಕೆಷ್ಟು?"

ಮಾಸ್ತರರಿಗೆ ಕೆಮ್ಮು ಬಂತು. "ನ್ಯಾಯಕ್ಕ ಬೆಲಿ ಇದ್ದ ಇರ್ತೈತಿ," ಎಂದರು.

ನ್ಯಾಯದ ಬೆಲೆ ಮೂರು ಸಾದಾ ಫೋನುಗಳಷ್ಟಿತ್ತು. ಆದರೂ ಗಣಿಯ ಹುಡುಗರ ಮಾತು ನಲಿನಿಯ ಎದೆಗೆ ಚುಚ್ಚಿತ್ತು. ಅವಳು ಸುಮ್ಮನಾದಳು. ಸುಮ್ಮನಿದ್ದದ್ದೇ ಒಪ್ಪಿಗೆ ಎಂದು ಮಾಸ್ತರರು ಹಿಗ್ಗಿದರು.

ದೂರದೇಶದ ಫೋನು ಬಂತು. ಜೊತೆಗೊಂದು ಪುಟ್ಟ ಸ್ಕ್ರೂಡ್ರೈವರೂ ಬಂತು. ಅದರಲ್ಲಿ ಎರಡು ಸಿಮ್ ಹಿಡಿಯುತ್ತವೆ ಎಂದು ತಿಳಿದದ್ದೇ ತಡ, ಮಾಸ್ತರರಿಗೆ ಜ್ಞಾನೋದಯವಾಯಿತು. ಸಿಮ್ ಎರಡು, ಮಂದಿ ಇಬ್ಬರು, ಮತ್ತೊಂದು ಫೋನು ಯಾತಕ್ಕೆ? ತಮ್ಮ ಹಳೆಯ ಫೋನಿನ ಜೊತೆ, ಚೆನ್ನಾಗಿಯೇ ನಡೆಯುತ್ತಿದ್ದ ಹೆಂಡತಿಯ ಫೋನನ್ನೂ ಮರುಬಳಕೆಯವರಿಗೆ ಪಾರ್ಸಲ್ ಮಾಡಿ, ಭೂಮಿತಾಯಿಯ ಋಣ ತೀರಿಸಿ ಬಂದರು. ಅಂದಿನಿಂದ ನಲಿನಿಯ ಸಿಮ್ಮು ಮಾಸ್ತರರ ಅಂಗಿಯ ಕಿಸೆಯಲ್ಲಿ ಸಾಲೆಗೆ ಹೋಗತೊಡಗಿತು. ಫ್ರೆಂಚ್ ಕ್ರಾಂತಿಯ ಪಾಠದ ನಡುವೆ ದರ್ಜಿ ಫೋನ್ ಹಚ್ಚಿ ನಲಿನಿಯ ಕುಬುಸದ ಅಳತೆ ಕೇಳುತ್ತಿದ್ದ!

ಇದನ್ನೆಲ್ಲ ನಲಿನಿ ಸಹಿಸಿದಳು. ಅವಳಿಗೆ ಇದ್ದದ್ದು ಒಂದೇ ಚಿಂತೆ. ಮುದ್ದೇಬಿಹಾಳದಲ್ಲಿರುವ ತಂಗಿ ಮೃಣಾಲಿನಿಗೆ ಚೊಚ್ಚಲ ಬಸಿರು. ತಾಯಿ ತೀರಿಹೋಗಿದ್ದಳು. "ಬ್ಯಾನಿ ಸುರು ಆದ ಕೂಡಲೇ ಒಂದು ಫೋನ್ ಹಚ್ಚು, ನಾ ಬಂದು ನಿನ್ನ ಕೈ ಹಿಡಕೊಂಡು ಕೂಡ್ತೇನಿ," ಎಂದು ನಲಿನಿ ಮಾತು ಕೊಟ್ಟಿದ್ದಳು. ಆ ಮಾತನ್ನೇ ನಂಬಿಕೊಂಡು ತಂಗಿ ಧೈರ್ಯವಾಗಿದ್ದಳು.

ಹೀಗಿರುವಾಗ ಆಯುಧಪೂಜೆಯ ಖಂಡೇನವಮಿ ಬಂತು. ನಲಿನಿ ಒಳಗೆ ಹೂರಣ ರುಬ್ಬುತ್ತಿದ್ದಳು. ಹೊರಗೆ ಮಾಸ್ತರರು ಮಣೆಯ ಮೇಲೆ ಕೊಡಲಿ, ಕುರ್ಪಿ, ಈಳಿಗೆ, ಪುಸ್ತಕ ಎಲ್ಲ ಇಟ್ಟರು. ಕೊನೆಗೆ ಫೋನು ಕೈಗೆ ಬಂತು. ಆಗ ತಲೆಯಲ್ಲಿ ಹುಳ ಹೊಕ್ಕಿತು. ಬಿಚ್ಚಲಿಕ್ಕೆ ಬರುವ ಫೋನಿಗೆ ಮೇಲೊಂದು ಬೊಟ್ಟು ಇಟ್ಟು ಬಿಟ್ಟರೆ ಅದೆಂಥ ಪೂಜೆ! ಮಾಡಿದ ಕೈಗಳಿಗೆ ಅವಮಾನವಲ್ಲವೇ!

ಆರತಿ ಹಿಡಿದು ಬಂದ ನಲಿನಿ ನಿಂತಲ್ಲೇ ನಿಂತಳು. ಬೆಳ್ಳಿಯ ತಟ್ಟೆಯಲ್ಲಿ ಪರದೆ ಒಂದು ಕಡೆ, ಬ್ಯಾಟರಿ ಒಂದು ಕಡೆ, ಕ್ಯಾಮೆರಾ ಒಂದು ಕಡೆ. ಎಲ್ಲದಕ್ಕೂ ಅರಿಷಿಣ, ಕುಂಕುಮ, ಮೇಲೊಂದು ಚೆಂಡುಹೂವಿನ ಎಸಳು.

"ಇದೇನ್ ಮಾಡೀರಿ?"

"ಊರ ಮಂದಿ ಫೋನಿಗೆ ಹೊರಗಿನ ಪೂಜಿ. ನಮ್ಮದಕ್ಕ ಅಂತರಂಗದ ಪೂಜಿ!"

"ಮೃಣಾಲಿನಿ ಫೋನ್ ಹಚ್ಚಿದರ?"

"ಡಾಕ್ಟರ್ ಕೊಟ್ಟ ತಾರೀಖು ದೀಪಾವಳಿ ಹತ್ರ ಐತಿ. ಅಲ್ಲೀತನ ಏನೂ ಆಗೂದಿಲ್ಲ."

"ಈಗಿಂದೀಗ ಜೋಡಸ್ರಿ."

"ಹುಚ್ಚೀ, ಪೂಜಿಗೆ ಇಟ್ಟ ಆಯುಧ ನಾಳೆ ದಶಮಿತನ ಎತ್ತೂ ಹಂಗಿಲ್ಲ. ಸ್ಕ್ರೂಡ್ರೈವರೂ ಪೂಜಾದಾಗೈತಿ!"

ಇಷ್ಟು ಹೇಳಿ, ಮಂತ್ರದೊಂದಿಗೆ ಅಕ್ಷತೆಯನ್ನು ಮಣೆಯ ಮೇಲೆ ಎರಚಿದರು. ಅಂಗಳಕ್ಕೆ ಹೋಗಿ ಸ್ಕೂಟರಿನ ಮೇಲೆ, ನೀರಿನ ಮೋಟಾರಿನ ಮೇಲೆ, ಬಾವಿಯ ಗಡಗಡೆಯ ಮೇಲೆ ಕೈತುಂಬ ಎರಚಿದರು. ತಿರುಪುಗಳು ಕಳೆಯಬಾರದೆಂದು ಜೋಪಾನವಾಗಿ ಅದೇ ಅಕ್ಷತೆಯ ಬಟ್ಟಲಲ್ಲಿ ಹಾಕಿದ್ದು ಅವರಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ಮಾಸ್ತರರು ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿರುವಾಗ ಬಾಜೂಮನೆಯ ಅಬಿದಾ ತನ್ನ ಫೋನು ಹಿಡಿದು ಓಡಿ ಬಂದಳು. ಅವಳ ಗಂಡ ಜೈನುದ್ದೀನ ಮಾಸ್ತರರ ಸಾಲೆಯಲ್ಲೇ ಗಣಿತ ಕಲಿಸುವವನು.

"ನಲಿನಿ ಅಕ್ಕಾ, ನಿಮ್ಮ ಫೋನಿಗೇನಾಗೈತ್ರೀ? ನಿಮ್ಮ ತಂಗಿ ಗಂಡ ಶ್ರೀವಲ್ಲಭ ಅವರು ಮುಂಜಾನಿಂದ ಹಚ್ಚಿ ಹಚ್ಚಿ ಸಾಕಾಗಿ ನಮ್ಮವರಿಗೆ ಹಚ್ಯಾರ. ತಂಗೀನ ದವಾಖಾನಿಗೆ ಕರಕೊಂಡು ಹೋಗಿ ಭಾಳ ಹೊತ್ತಾತಂತ. ಅಕ್ಕ ಬಂದಳೇನು, ಅಕ್ಕ ಬಂದಳೇನು ಅಂತ ಕೇಳಾಕತ್ತಾಳಂತ!"

ನಲಿನಿ ಕೂಗಲಿಲ್ಲ, ಬೈಯಲಿಲ್ಲ. ಎದ್ದು ಕೈ ತೊಳೆದಳು. ಒಂದು ಸೀರೆಯನ್ನು ಚೀಲಕ್ಕೆ ತುರುಕಿದಳು. ಬಾಗಿಲಲ್ಲಿ ನಿಂತು ತಟ್ಟೆಯ ಕಡೆ ಒಮ್ಮೆ ನೋಡಿದಳು, ಗಂಡನ ಕಡೆ ನೋಡಲಿಲ್ಲ. ಜೈನುದ್ದೀನ ಅವಳನ್ನು ತನ್ನ ಗಾಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಮಾಸ್ತರರ ಸ್ಕೂಟರೂ ಪೂಜೆಯಲ್ಲಿತ್ತಲ್ಲ!

ಹೆಂಡತಿ ಬೈದಿದ್ದರೆ ಬದುಕುತ್ತಿದ್ದೆ ಎನಿಸಿತು ಮಾಸ್ತರರಿಗೆ. ಈಗ ಮುದ್ದೇಬಿಹಾಳಕ್ಕೆ ಹೋಗುವ ಬಾಗೇವಾಡಿಯ ಹಾದಿಯಲ್ಲಿ ಬಸ್ಸಿನ ಸರಳು ಹಿಡಿದು ನಿಂತಿದ್ದಾಳೋ ಏನೋ, ಅತ್ತ ತಂಗಿ ಹೇಗಿದ್ದಾಳೋ ಏನೋ. ಕೇಳಬೇಕೆಂದರೆ ಮನೆಯಲ್ಲಿ ಫೋನಿಲ್ಲ. ಗಣಿಯ ಹುಡುಗರ ನೋವು ಅಷ್ಟು ದೂರದಿಂದ ಕಂಡ ಕಣ್ಣಿಗೆ ಒಲೆಯ ಮುಂದೆ ಕೂತವಳ ಕಳವಳ ಕಾಣಲಿಲ್ಲವಲ್ಲ! ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ತಾಯೀ, ತಪ್ಪಾತು," ಎಂದು ಕೈಮುಗಿದು ಸ್ಕ್ರೂಡ್ರೈವರನ್ನು ಎತ್ತಿದರು. ಆಮೇಲೆ ತಿರುಪಿನ ಶೋಧ! ಎಂಥ ಶೋಧ! ಸ್ಕೂಟರಿನ ಸೀಟಿನ ಸಂದಿಯಲ್ಲೊಂದು, ಬಾವಿಯ ಕಟ್ಟೆಯ ಮೇಲೊಂದು, ಮತ್ತೊಂದು ಅವರದೇ ಜುಟ್ಟಿನೊಳಗೆ. ಹಬ್ಬದ ಪಂಚೆ ಉಟ್ಟ ಮಾಸ್ತರರು ಅಂಗಳದಲ್ಲಿ ಅಂಬೆಗಾಲಿಕ್ಕುತ್ತ ಅಕ್ಕಿಕಾಳು ಆರಿಸುವುದನ್ನು ಅಬಿದಾ ಗೋಡೆಯಾಚೆಯಿಂದ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೋಡಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮ ತಿಕ್ಕಿ ತೆಗೆದು, ಒಂದೊಂದೇ ಭಾಗ ಕೂರಿಸಿ, ಇದ್ದಷ್ಟು ತಿರುಪು ಬಿಗಿದು, ಕತ್ತಲಾಗುವ ಹೊತ್ತಿಗೆ ಕಣ್ಣು ಮುಚ್ಚಿ ಗುಂಡಿ ಒತ್ತಿದರು.

ಫೋನು ಬೆಳಗಿತು! ಅಂಟಿನ ಫೋನಾಗಿದ್ದರೆ ಇಷ್ಟು ಹೊತ್ತಿಗೆ ಅದರ ತಿಥಿಯಾಗುತ್ತಿತ್ತು. ಮಾಸ್ತರರ ಎದೆ ಮತ್ತೆ ಉಬ್ಬಿತು. ಶ್ರೀವಲ್ಲಭನಿಗೆ ಹಚ್ಚಿದರು. ಎತ್ತಿದವಳು ನಲಿನಿ.

"ಹೆಣ್ಣು ಕೂಸು. ನಾ ಮುಟ್ಟೂದರಾಗ ಹುಟ್ಟಿತ್ತು," ಎಂದಳು. "ಇಬ್ಬರೂ ಆರಾಮ ಅದಾರ. ತಂಗಿ ನನ್ನ ಮಾರಿ ನೋಡಿ ಅತ್ತಳು."

ಮಾಸ್ತರರಿಗೆ ಕಣ್ಣು ತುಂಬಿತು. ಆದರೆ ಬಾಯಿ ಕೇಳಬೇಕಲ್ಲ! "ನಲಿನೀ, ಫೋನ್ ನಾನ ಜೋಡಿಸಿದೆ! ಕೊಟ್ಟ ರೊಕ್ಕಕ್ಕ ಮೋಸಿಲ್ಲ ನೋಡು!"

"ಹೌದೇನ್ರಿ? ಚಲೋ ಆತು. ಫೋನ್ ಮಾಡೂ ಮಂದೀನ ಕೇಳೇ ಎಲ್ಲಾ ಮಾಡ್ತಾರ ಅಂದಿದ್ರಿ. ನನ್ನ ಫೋನ್ ಪಾರ್ಸಲ್ ಮಾಡೂಮುಂದ ನನ್ನ ಕೇಳಿದ್ರೇನು?"

ಮಾಸ್ತರರು ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುವತೊಡಗಿದರು.

"ಹಲೋ? ಕೇಳ್ಸಾಕತ್ತೈತೇನ್ರಿ?"

"ಕೇಳ್ಸಾಕತ್ತೈತಿ," ಎಂದರು ಮಾಸ್ತರರು, ಸಣ್ಣ ದನಿಯಲ್ಲಿ. "ಒಂದೊಂದು ಅಕ್ಷರಾನೂ."

"ಹಂಗಾದ್ರ ಫೋನಿನ್ಯಾಗ ಏನೂ ಐಬಿಲ್ಲ. ದುರಸ್ತಿ ಬೇಕಾದದ್ದು ಮನ್ಯಾಗ ಬ್ಯಾರೇನ ಒಂದೈತಿ. ಸ್ಕ್ರೂಡ್ರೈವರ್ ತಗದು ಇಡ್ರಿ, ನಾ ಬಂದು ಬಿಚ್ಚತೇನಿ."