ಜಗಲಿಯ ಮೇಲಿನ ಉರ್ದು ಕಾಗದ

ಮಗಳಿಗೆ ಸಂಬಂಧ ಕುದುರುವವರೆಗೆ ನನಗೊಬ್ಬ ಮುತ್ತಾತನಿದ್ದನೆಂಬುದೇ ನೆನಪಿರಲಿಲ್ಲ. ಸತ್ತ ಹಿರಿಯರು ನೆನಪಾಗುವುದು ಬೀಗರ ಎದುರು ಕೂತಾಗಲೇ ಎಂದು ಕಾಣುತ್ತದೆ. ಅಂದೋಲಾದ ನಮ್ಮ ಬೀಗರು ತಲೆತಲಾಂತರದ ಗೌಡರು. ನಿಶ್ಚಯದ ಊಟಕ್ಕೆ ಕೂತಾಗ ತಮ್ಮ ಮನೆತನದ ಮಾತು ತೆಗೆದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ನಮ್ಮ ಮುತ್ತಾತನೂ ನರೋಣಾದ ಪಾಟೀಲನೇ, ಅಂದರೆ ಊರಗೌಡನೇ, ಹುದ್ದೆ ಕೊಟ್ಟ ನಿಜಾಮರ ಕಾಲದ ಸನದು ಮನೆಯಲ್ಲಿದೆ ಎಂದುಬಿಟ್ಟೆ. ಹಾಗಾದರೆ ಮದುವೆಯೊಳಗೆ ಒಮ್ಮೆ ನೋಡಬೇಕು ಎಂದರು ಬೀಗರು.

ಕಾಗದ ಇದ್ದದ್ದು ನಿಜ. ದೇವರ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲೇ. ಪ್ರತಿ ದಸರೆಗೆ ಅದಕ್ಕೆ ವಿಭೂತಿ ಬಳಿದು ಹೂವೇರಿಸಿ ಕೈ ಮುಗಿಯುತ್ತಿದ್ದೆವು. ಪಾಟೀಲಕಿ ಕಾಗದ ಎಂದು ಅಪ್ಪ ಹೇಳಿದ್ದ, ಅವನಿಗೆ ಅವನಪ್ಪ ಹೇಳಿದ್ದ. ಮೂರು ತಲೆಮಾರಿನಲ್ಲಿ ಒಬ್ಬರಿಗೂ ಉರ್ದು ಬರುತ್ತಿರಲಿಲ್ಲ. ಓದಲು ಬಾರದ ಮೇಲೆ ಪಾಟೀಲಕಿಯದೆಂದು ಹೇಗೆ ಗೊತ್ತಾಯಿತು ಎಂದು ಮನೆಯಾಕೆ ಕೇಳಿದ್ದಳು. ಭಕ್ತಿಯಲ್ಲಿ ಇಂಥ ಪ್ರಶ್ನೆ ಕೇಳಬಾರದೆಂದು ಗದರಿಸಿದ್ದೆ.

ಆಳಂದದಲ್ಲಿ ವಂಶಾವಳಿ ಹುಡುಕುವವರ ಬಳಗವೊಂದಿದೆ. ಭಾನುವಾರಕ್ಕೊಮ್ಮೆ ಶಾಲೆಯ ಕೋಣೆಯಲ್ಲಿ ಸೇರಿ, ಹಳೇ ಕಾಗದ ಹರವಿಕೊಂಡು, ಸತ್ತವರ ಬಗ್ಗೆ ಬದುಕಿದವರಿಗಿಂತ ಹೆಚ್ಚು ಕಾಳಜಿಯಿಂದ ಮಾತಾಡುತ್ತಾರೆ. ನಾನೂ ಸದಸ್ಯನಾದೆ. ಕಾಗದ ಓದಿಸುವ ದಿನ ನನಗೆ ಎಲ್ಲಿಲ್ಲದ ಹುರುಪು! ಇಸ್ತ್ರಿ ಮಾಡಿದ ಧೋತರ ಉಟ್ಟೆ. ಬೀಗರನ್ನೂ ಕರೆಸಿ ಮುಂದಿನ ಬೆಂಚಿನಲ್ಲಿ ಕೂಡಿಸಿದೆ.

ಬಳಗದಲ್ಲಿ ಉರ್ದು ಓದುವವರು ನಿವೃತ್ತ ಶಿಕ್ಷಕ ಖಾಜಾ ಮಾಸ್ತರರು. ವಿಭೂತಿ ಒರೆಸಿ, ಕನ್ನಡಕ ಏರಿಸಿ, ಎರಡು ಸಲ ಮನಸ್ಸಿನಲ್ಲೇ ಓದಿಕೊಂಡರು. ನಂತರ ನನ್ನ ಕಿವಿಯ ಹತ್ತಿರ ಬಾಗಿ, "ಜೋರಾಗಿ ಓದ್ಲೇನ್ರಿ, ಇಲ್ಲಾ ನಿಮಗಷ್ಟೇ ಹೇಳ್ಲಿ?" ಎಂದರು.

ಇಂಥ ಸಜ್ಜನನ ಸೂಚನೆ ನನ್ನ ತಲೆಗೆ ಹೋಗಬೇಡವೇ? "ಎಲ್ಲಾರಿಗೂ ಕೇಳೂಹಂಗ ಓದ್ರಿ ಮಾಸ್ತರ್," ಎಂದೆ.

ಅದು ಸನದಲ್ಲ, ಮುಚ್ಚಳಿಕೆ. ತಪ್ಪೊಪ್ಪಿಕೊಂಡು ತಹಸೀಲ್ದಾರರ ಕಚೇರಿಯಲ್ಲಿ ನನ್ನ ಮುತ್ತಾತ ಹೆಬ್ಬೆಟ್ಟು ಒತ್ತಿದ ಕಾಗದದ ನಕಲು. ತಾನು ಪಾಟೀಲನಲ್ಲದಿದ್ದರೂ ತನ್ನ ಬೀಗರ ಊರಿನಲ್ಲಿ ಪಾಟೀಲನೆಂದು ಹೇಳಿಕೊಂಡು ತಿರುಗಿದ್ದು ನಿಜ, ಇನ್ನು ಮುಂದೆ ಹಾಗೆ ಹೇಳುವುದಿಲ್ಲ ಎಂದು ಅದರಲ್ಲಿ ಬರೆದುಕೊಟ್ಟಿದ್ದ.

ಸಂಬಂಧ ಮುರಿದೇ ಬಿತ್ತು, ಮಗಳಿಗೆ ಯಾವ ಮುಖ ತೋರಿಸಲಿ ಎಂದುಕೊಂಡೆ. ಬಳಗದ ವಂಶಾವಳಿ ಪಟ್ಟಿಯಲ್ಲಿ ಒಬ್ಬನ ಹೆಸರು ಏರಬೇಕಾದರೆ, ಇವನು ಇಂಥವರ ವಂಶದವನೇ ಎಂದು ಹೊರಗಿನವರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಬೀಗರು ಎದ್ದರು, ಯಾರೂ ಕೇಳದಿದ್ದರೂ ಜೇಬಿನಿಂದ ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ಸಹಿ ಹಾಕಿದರು.

"ಇವ್ರು ಅವರ ಮರಿಮಗಾನೇ. ನನಗ ಎಳ್ಳಷ್ಟೂ ಸಂಶಯ ಇಲ್ರಿ," ಎಂದು ನಕ್ಕು, ಮದುವೆಯ ಅಕ್ಕಿಕಾಳು ಹಾಕುವ ಮುಹೂರ್ತದ ಮಾತು ತೆಗೆದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಮರಳುವಾಗ ಬಸ್ಸಿನಲ್ಲಿ ಪಕ್ಕದವರು ನನ್ನ ಕೈಯಲ್ಲಿದ್ದ ಕಾಗದ ಏನೆಂದು ಕೇಳಿದರು. ಇನ್ನು ಸುಳ್ಳು ಹೇಳಬಾರದೆಂದು ಆಗಷ್ಟೇ ನಿರ್ಧರಿಸಿದ್ದೆ. ಹಾಗಾಗಿ ಇದ್ದದ್ದನ್ನೇ ಹೇಳಿದೆ: ನಮ್ಮ ಮುತ್ತಾತ ಸಾಮಾನ್ಯದವನಲ್ಲ, ನಿಜಾಮರ ತಹಸೀಲ್ದಾರರು ಖುದ್ದಾಗಿ ಕರೆಸಿಕೊಂಡು ಮಾತಾಡಿಸಿದ್ದರು.