ಚಂದನಾಳ ಡಬ್ಬಿ ತೆರೆದ ಮೇಲೆ

ಪಾಠ ಹೇಳುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ದಿನವಿಡೀ ಮಕ್ಕಳ ಮುಂದೆ ಸುಳ್ಳು ಕೋಪ ತೋರಿಸಿ ತೋರಿಸಿ, ನಿಜವಾದ ಕೋಪ ಬಂದಾಗ ಅದನ್ನು ಯಾರ ಮೇಲೆ ಇಳಿಸಬೇಕೆಂದೇ ತಿಳಿಯುವುದಿಲ್ಲ. ಶೆಟ್ಟಿಹಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಗಣಿತ ಹೇಳಿಕೊಡುವ ನನಗೆ ಈ ಕಾಯಿಲೆ ಹಳೆಯದು. "ನೀನು ಬೈತಿದೀಯೋ ಮಗ್ಗಿ ಹೇಳಿಸ್ತಿದೀಯೋ ಗೊತ್ತಾಗಲ್ಲ ಕಣೇ" ಎನ್ನುತ್ತಾರೆ ನಮ್ಮ ಯಜಮಾನರು.

ಈ ವರ್ಷ ನಮ್ಮ ಹೆಡ್ ಮೇಡಂಗೆ ಮಕ್ಕಳ ಆರೋಗ್ಯದ ಚಿಂತೆ ಹತ್ತಿತು. ಪ್ರತಿ ತರಗತಿಯಲ್ಲೂ ಊಟದ ಡಬ್ಬಿ ತಪಾಸಣೆ. ತರಕಾರಿ, ಕಾಳು ಇದ್ದರೆ ಗೋಡೆಯ ಪಟ್ಟಿಯಲ್ಲಿ ಹಸಿರು ಚುಕ್ಕಿ, ಚಿಪ್ಸು ಬಿಸ್ಕತ್ತು ಇದ್ದರೆ ಕೆಂಪು ಚುಕ್ಕಿ. ಪಟ್ಟಿಯ ಫೋಟೋ ದಿನವೂ ಪೋಷಕರ ವಾಟ್ಸಾಪ್ ಗುಂಪಿಗೆ ಹೋಗಬೇಕು. ಒಬ್ಬ ತಾಯಿಯಂತೂ ಮೊಳಕೆಕಾಳನ್ನು ನಗುಮುಖದಂತೆ ಜೋಡಿಸಿ ಕಳಿಸುತ್ತಿದ್ದರು. ಅವರ ಮಗ ಅದನ್ನು ಅಷ್ಟೇ ನಗುತ್ತಾ ಕಿಟಕಿಯಿಂದಾಚೆ ಎಸೆಯುತ್ತಿದ್ದ. ಅದಕ್ಕೂ ನಾನು ಹಸಿರು ಚುಕ್ಕಿಯನ್ನೇ ಅಂಟಿಸುತ್ತಿದ್ದೆ. ಡಬ್ಬಿಯೊಳಗೆ ಏನಿದೆ ಎಂದು ನೋಡುವುದಷ್ಟೇ ನನ್ನ ಕೆಲಸವಾಗಿತ್ತು, ಹೊಟ್ಟೆಯೊಳಗೆ ಏನು ಹೋಯಿತು ಎಂದಲ್ಲ.

ಒಂದು ಶುಕ್ರವಾರ ಎರಡನೆಯ ಬೆಂಚಿನ ಚಂದನಾ ಡಬ್ಬಿ ತೆರೆಯಲೇ ಇಲ್ಲ. "ಹೊಟ್ಟೆ ನೋವು ಮಿಸ್" ಎಂದಳು. ನಾನೇ ತೆರೆದೆ. ಒಳಗೆ ಕ್ರೀಮ್ ಬಿಸ್ಕತ್ತು. ಅವಳನ್ನು ಎದ್ದು ನಿಲ್ಲಿಸಿ, ಕೆಂಪು ಚುಕ್ಕಿ ಅಂಟಿಸಿ, ಸಕ್ಕರೆಯ ಮೇಲೆ ಹತ್ತು ನಿಮಿಷ ಭಾಷಣ ಬಿಗಿದೆ. ಇಡೀ ತರಗತಿ ಅವಳನ್ನೇ ನೋಡುತ್ತಿತ್ತು.

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಅವಳಮ್ಮ ನನ್ನನ್ನು ತಡೆದರು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು.

"ಮಿಸ್, ದಿನಾ ಐದಕ್ಕೆ ಎದ್ದು ಅಡುಗೆ ಮಾಡ್ತೀನಿ. ನಿನ್ನೆ ಗ್ಯಾಸ್ ಖಾಲಿ ಆಯ್ತು, ಅದಕ್ಕೆ ಬಿಸ್ಕೆಟ್ ಹಾಕ್ದೆ. ಎಲ್ಲರ ಮುಂದೆ ನಿಲ್ಸಿ ಬೈದ್ರಂತೆ. ನಾಚ್ಕೊಂಡು ಅದನ್ನೂ ತಿಂದಿಲ್ಲ. ಮಗೂನ ಉಪವಾಸ ಕೆಡವೋದಾ ಮಿಸ್ ಆರೋಗ್ಯ ಅಂದ್ರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಬಂತು. "ಪಿ.ಟಿ.ಗೆ ಅಂತ ಬಿಳಿ ಶೂ ತರ್ಸಿದ್ರಿ. ಆರು ತಿಂಗ್ಳಾಯ್ತು, ಒಂದ್ ಚೂರು ಮಣ್ಣಾಗಿಲ್ಲ, ಅಂಗಡಿಯಿಂದ ತಂದಂಗೇ ಐತೆ. ಮಕ್ಳನ್ನ ಆಡೋಕೇ ಬಿಡದೆ ಡಬ್ಬೀಲಿ ಏನ್ ಹುಡುಕ್ತೀರಾ?"

ಅವರು ಬಸ್ಸಿಗೆ ಓಡಿದರು. ನನಗೆ ಮೈಯೆಲ್ಲಾ ಉರಿಯಿತು. ಈ ಸಲದ ಕೋಪ ನಿಜವಾದದ್ದೇ. ಸೀದಾ ತರಗತಿಗೆ ಹೋಗಿ ಪಟ್ಟಿಯನ್ನು ಪರ್ರೆಂದು ಹರಿದೆ. ಚಂದನಾಳ ಹತ್ತಿರ ಹೋಗಿ, "ತಪ್ಪಾಯ್ತು ಕಣಮ್ಮಾ" ಎಂದೆ, ಎಲ್ಲರಿಗೂ ಕೇಳುವಂತೆ. ಅವಳು ತಲೆ ಎತ್ತಲಿಲ್ಲ. ಅದು ಇನ್ನಷ್ಟು ಉರಿಸಿತು. ಹರಿದ ಪಟ್ಟಿಯನ್ನು ಹಿಡಿದುಕೊಂಡೇ ಹೆಡ್ ಮೇಡಂ ಕೋಣೆಗೆ ನುಗ್ಗಿದೆ.

"ಚುಕ್ಕಿ ಅಂಟಿಸಿದ್ರೆ ಮಕ್ಕಳು ಗಟ್ಟಿಯಾಗ್ತಾರಾ ಮೇಡಂ? ಆರು ತಿಂಗಳಿಂದ ಒಂದು ದಿನ ಓಡಿಲ್ಲ ಅವರು! ಎಲ್ಲಿ ಹೋಯ್ತು ಪಿ.ಟಿ. ಪೀರಿಯಡ್? ಯಾರು ನುಂಗಿದ್ದು?"

ಮೇಡಂ ಕಪಾಟಿನಿಂದ ಫೈಲೊಂದನ್ನು ತೆಗೆದು ನನ್ನ ಮುಂದಿಟ್ಟರು. ಜೂನ್ ತಿಂಗಳ ಅರ್ಜಿ. 'ಗಣಿತದ ಪೋರ್ಷನ್ ಮುಗಿಯುವುದು ಕಷ್ಟವಾದ್ದರಿಂದ ವಾರದ ಎರಡೂ ಪಿ.ಟಿ. ಪೀರಿಯಡ್‌ಗಳನ್ನು ನನಗೆ ಕೊಡಬೇಕಾಗಿ ವಿನಂತಿ.' ಕೆಳಗೆ ಸಹಿ. ಅಕ್ಷರ ಬಹಳ ದುಂಡಗಿತ್ತು. ನನ್ನ ಅಕ್ಷರ ಮೊದಲಿನಿಂದಲೂ ದುಂಡಗೇ.

"ಇನ್ನೇನಾದ್ರೂ ಹೇಳೋದಿತ್ತಾ?" ಎಂದರು ಮೇಡಂ.

ಆರು ತಿಂಗಳು ಗಣಿತ ಹೇಳಿ ಹೇಳಿ, ಅವು ಪಿ.ಟಿ.ಯವು ಎಂಬುದೇ ನನಗೆ ಮರೆತುಹೋಗಿತ್ತು. ಎರಡೂ ಪೀರಿಯಡ್ ಅಲ್ಲೇ ವಾಪಸು ಬರೆದುಕೊಟ್ಟೆ. ಮುಂದಿನ ಗುರುವಾರ ಮಕ್ಕಳು ಮೈದಾನದಲ್ಲಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಗಾಬರಿಯಾಗಿ ಹೊರಗೆ ಬಂದರು. ಓಟದಲ್ಲಿ ಚಂದನಾ ಎಲ್ಲರನ್ನೂ ಹಿಂದೆ ಹಾಕಿದಳು. ನನ್ನತ್ತ ತಿರುಗಿ ನೋಡಿ ಒಂಚೂರು ನಕ್ಕಳು ಕೂಡ. ನನಗೆ ಕಣ್ಣು ತುಂಬಿತು. ಇಂಥ ಆಟ ತಪ್ಪಿಸಿದ ನನ್ನಂಥವರನ್ನು ಕೆಲಸದಿಂದಲೇ ತೆಗೆಯಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಶುಕ್ರವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಚಿತ್ರಕಲೆ ಮೇಡಂ ಒಬ್ಬರೇ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಕೂತೆ. ಭಿನ್ನರಾಶಿ ಇನ್ನೂ ಅರ್ಧ ಉಳಿದಿತ್ತು.

"ಮೇಡಂ," ಎಂದೆ ಮೆಲ್ಲಗೆ, "ನಿಮ್ಮದೊಂದು ಪೀರಿಯಡ್ ಕೊಡ್ತೀರಾ?"