ಮೈದಾನದ ನಡುವಿನ ದಿಬ್ಬ

ದುಬೈಯ ಆ ಬೇಸ್‌ಬಾಲ್ ಮೈದಾನದ ನಟ್ಟನಡುವೆ ಒಂದು ಮಣ್ಣಿನ ದಿಬ್ಬವಿತ್ತು. ಆನ್ಸೆಲ್ಮನ ತಾಪತ್ರಯ ಶುರುವಾದದ್ದೇ ಅಲ್ಲಿಂದ.

ನವೀಕರಣದಲ್ಲಿ ಸೂಪರ್‌ವೈಸರ್ ಆನ್ಸೆಲ್ಮನ ಪಾಲಿಗೆ ಬಂದದ್ದು ಗ್ಯಾಲರಿಯ ಕುರ್ಚಿ, ಬಲೆ ಮತ್ತು ಬಣ್ಣ. ಅಷ್ಟೂ ಮುಗಿದಿತ್ತು. ಸಂಜೆ ನಾಲ್ಕಕ್ಕೆ ಕ್ಲಬ್ಬಿನ ಮ್ಯಾನೇಜರ್ ಬಂದು ಸಹಿ ಹಾಕಿದರೆ ರಜೆ ಮಂಜೂರು, ಬೆಳಿಗ್ಗೆ ಮಂಗಳೂರಿನ ವಿಮಾನ. ನಾಡಿದ್ದು ತಂಗಿ ಲವಿನಾಳ ರೋಸ್. ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವ ಆ ಶಾಸ್ತ್ರದಲ್ಲಿ, ಅಪ್ಪನಿಲ್ಲದ ಮನೆಯಲ್ಲಿ, ಅಣ್ಣನೂ ಇಲ್ಲದಿದ್ದರೆ ಹೇಗೆ?

"ಎಂತ ಮಾರಾಯ, ಪಿಚ್ಚಿನಲ್ಲೇ ಮಣ್ಣು ರಾಶಿ ಹಾಕಿ ಹೋಗಿದ್ದಾರೆ," ಎಂದ ಫೋರ್‌ಮನ್ ಸವಾದ್.

ಕ್ರಿಕೆಟ್ ಬಿಟ್ಟು ಬೇರೆ ಆಟ ಕಂಡವನಲ್ಲ ಆನ್ಸೆಲ್ಮ್. ಬ್ಯಾಟ್ ಹಿಡಿದವನು ಮೂಲೆಯಲ್ಲಿ ನಿಲ್ಲುತ್ತಾನಂತೆ. ಬೇಲಿ ಎಡಕ್ಕೆ ಹತ್ತಿರ, ಬಲಕ್ಕೆ ದೂರ. ಇಡೀ ಮೈದಾನವೇ ಅವನಿಗೆ ತಲೆಬುಡ ತಿಳಿಯದ ಸಂಗತಿಯಾಗಿತ್ತು.

"ಬೇಲಿ ಸರಿ ಮಾಡ್ಲಿಕ್ಕೆ ಟೈಮಿಲ್ಲ, ದಿಬ್ಬ ಆದ್ರೂ ತೆಗೆಯುವ," ಎಂದ ರೋಲರ್ ಓಡಿಸುವ ಚಂದು. "ಅದಕ್ಕೆ ಬಾಲ್ ಬಿದ್ರೆ ಬ್ಯಾಟ್ಸ್‌ಮನ್ನಿನ ಹಲ್ಲು ಹೋಗ್ತದೆ."

"ಯಾರನ್ನಾದ್ರೂ ಕೇಳುವಾ?" ಎಂದ ಆನ್ಸೆಲ್ಮ್.

"ಕೇಳುದು ಎಂತ? ಇದನ್ನು ನೋಡಿ ಅವರು ಸೈನ್ ಹಾಕ್ತಾರಾ?" ಎಂದ ಸವಾದ್.

ಸಹಿಯ ಮಾತು ಬಂದದ್ದೇ ಆನ್ಸೆಲ್ಮ್ ತಲೆಯಾಡಿಸಿದ. ಎರಡು ಗಂಟೆಯೊಳಗೆ ಮೈದಾನ ದೋಸೆಕಾವಲಿಯಂತೆ ಸಪಾಟಾಯಿತು. ಸವಾದ್ ಹೆಮ್ಮೆಯಿಂದ ಫೋಟೋ ತೆಗೆದು, ಟೀವಿಯಲ್ಲಿ ಎಲ್ಲ ಆಟ ನೋಡುವ ಮಗಳು ನಾಫಿಯಾಳಿಗೆ ಕಳಿಸಿದ. ಅವಳು ಕೂಡಲೇ ವೀಡಿಯೋ ಕಾಲ್ ಮಾಡಿದಳು.

"ಉಪ್ಪಾ, ವೇರ್ ಈಸ್ ದ ಮೌಂಡ್? ಬಾಲ್ ಬಿಸಾಡುವವನು ನಿಲ್ಲುದು ಆ ದಿಬ್ಬದ ಮೇಲೆ. ಟೆನ್ ಇಂಚಸ್ ಹೈಟ್ ಬೇಕು."

ಆನ್ಸೆಲ್ಮ್ ಸಲಿಕೆ ಹುಡುಕಿ ಓಡಿದ. ಕೂಲಿಯವನಂತೆ ತಾನೇ ಮಣ್ಣು ಹೊತ್ತ. ಫೋನಿನೊಳಗಿಂದ ನಾಫಿಯಾ "ಅಂಕಲ್, ಇಳಿಜಾರು ಮುಂದಕ್ಕೆ, ಹಿಂದಕ್ಕಲ್ಲ," ಎನ್ನುತ್ತ ಎರಡು ಸಲ ಕೆಡವಿಸಿದಳು. ದಿಬ್ಬದ ತಲೆಯ ಮೇಲಿರಬೇಕಾದ ಬಿಳಿ ರಬ್ಬರ್ ಹಲಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ನೋಡಿದರೆ ಚಂದು ಅದರ ಮೇಲೆಯೇ ಕುಳಿತು ಊಟ ಮಾಡುತ್ತಿದ್ದ.

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರ್ ಬಂದರು. ಕುರ್ಚಿ ನೋಡಲಿಲ್ಲ, ಬಲೆ ನೋಡಲಿಲ್ಲ, ನೆಟ್ಟಗೆ ದಿಬ್ಬದ ಬಳಿ ಹೋಗಿ ಮೊಣಕಾಲೂರಿ ಟೇಪು ಹಿಡಿದರು. ಆನ್ಸೆಲ್ಮ್ ನೆನಪಿಗೆ ಬಂದ ಸಂತರನ್ನೆಲ್ಲ ಕರೆದ.

"ಇದನ್ನು ಮಾಡಿದವರು ಯಾರು?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಸವಾದ್ ಹಿಂದೆಮುಂದೆ ನೋಡದೆ ಆನ್ಸೆಲ್ಮನತ್ತ ಬೆರಳು ತೋರಿಸಿದ.

ಮ್ಯಾನೇಜರ್ ಎರಡೂ ಕೈಯಿಂದ ಅವನ ಕೈ ಕುಲುಕಿದರು. ಹಳೆಯ ದಿಬ್ಬ ಒಂದಿಂಚು ತಗ್ಗಿತ್ತಂತೆ, ಮೂರು ತಿಂಗಳಿಂದ ಬಡಕೊಂಡರೂ ಯಾರೂ ಸರಿಮಾಡಿರಲಿಲ್ಲವಂತೆ. ಬೇಸ್‌ಬಾಲ್ ಬಲ್ಲ ಸೂಪರ್‌ವೈಸರ್ ಒಬ್ಬ ಕೊನೆಗೂ ಸಿಕ್ಕಿದ ಎಂದು ಹಿಗ್ಗಿ ಸಹಿ ಹಾಕಿದರು. ಅಲ್ಲೇ ನಿಂತು ಅವನ ಕಂಪನಿಗೂ ಫೋನ್ ಮಾಡಿದರು.

ಐದು ನಿಮಿಷಕ್ಕೆ ಆಫೀಸಿನಿಂದ ಮಾರ್ಟಿನಾ ಕರೆ ಮಾಡಿದಳು. "ಕಂಗ್ರಾಟ್ಸ್ ಆನ್ಸೆಲ್ಮ್. ಅಬುಧಾಬಿಯಲ್ಲಿ ಆ ಕ್ಲಬ್ಬಿನದ್ದೇ ಇನ್ನೊಂದು ಮೈದಾನ ಉಂಟಂತೆ. ಅದರ ದಿಬ್ಬವನ್ನೂ ನೀವೇ ಮಾಡ್ಬೇಕಂತೆ, ನಾಳೆ ಬೆಳಿಗ್ಗೆಯಿಂದ. ರಜೆ ಮುಂದಿನ ತಿಂಗಳು ಕೊಡ್ತಾರಂತೆ."

ಆನ್ಸೆಲ್ಮನಿಗೆ ಅಳುವೇ ಬಂತು. "ಮಾರ್ಟಿನಾ, ದೇವರಾಣೆ, ನನಗೆ ಬೇಸ್‌ಬಾಲ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ."

"ಹೌದು, ಆ ಮ್ಯಾನೇಜರ್ ಮೊದಲೇ ಹೇಳಿದ್ರು," ಎಂದಳು ಮಾರ್ಟಿನಾ. "ನಿಜವಾಗಿ ಗೊತ್ತಿರುವವರು ಹೀಗೆಯೇ ಹೇಳುದಂತೆ."